ಎಷ್ಟು ಹೊತ್ತು ಹಿಡಿದಿರಿ ಸಾರ್?

ನಮ್ಮ ತಿಪಟೂರು ಕಡೆ ಅದಕ್ಕೆ ‘ಸೆಲ್ಫ್’ ಅಂತಾರೆ. ಇಲ್ಲಿ ಪೆರಂಬೂರಿನಲ್ಲೂ ಅದು ಸೆಲ್ಫೇ. ಕಾರಿನ ಕೀಲಿ ತಿರುಗಿಸಿದ ಕೂಡಲೇ ಕುರ್ರ್ ಕುರ್ರ್ ಅಂತ ಸದ್ದು ಮಾಡಿ ಇಂಜಿನ್ನನ್ನು ಎಬ್ಬಿಸುತ್ತದಲ್ಲ, ಆ ಸಣ್ಣ ಮೋಟರು. ಪುಸ್ತಕದಲ್ಲಿ ಸ್ಟಾರ್ಟರ್ ಮೋಟರ್ ಅಂತಿರುತ್ತದೆ. ಆದರೆ ನಮ್ಮೂರ ಡ್ರೈವರು “ಸೆಲ್ಫ್ ತಗೋತಿಲ್ಲ” ಅಂದರೆ ಇಲ್ಲಿನ ಮೆಕ್ಯಾನಿಕ್ಕು “ಸೆಲ್ಫ್ ಎಡುಕ್ಕಲೆ” ಅನ್ನುತ್ತಾನೆ. ಕಾವೇರಿ ವಿಷಯದಲ್ಲಿ ಒಂದಾಗದ ನಾವು ಈ ಒಂದು ಶಬ್ದದಲ್ಲಾದರೂ ಒಂದಾಗಿದ್ದೇವೆ ಅಂತ ನನಗೆ ಸಮಾಧಾನ!

ನಾನು ಓದಿದ್ದು ಬಿ.ಕಾಂ., ಕೆಲಸ ಬ್ಯಾಂಕಿನಲ್ಲಿ. ಈ ಊರಿಗೆ ಬಂದು ಇಪ್ಪತ್ತೆಂಟು ವರ್ಷ ದಾಟಿತು. ಇಂಜಿನ್ನಿನ ವಿಷಯ ಬರೆಯಲು ನನಗೇನು ಯೋಗ್ಯತೆ ಅಂತ ನೀವು ಕೇಳಬಹುದು. ಏನೂ ಇಲ್ಲ. ಆದರೆ ಈ ಸೆಲ್ಫ್ ಹುಟ್ಟಿದ ಕಥೆಯನ್ನು ಓದುತ್ತಾ ಹೋದಂತೆ ಇದು ನಮ್ಮ ಬ್ಯಾಂಕಿನ ಕಥೆಯೇ ಅನ್ನಿಸಿಬಿಟ್ಟಿತು. ಅದರ ಜೊತೆಗೆ ಮನಸ್ಸಿನಲ್ಲಿ ಬಹಳ ವರ್ಷದಿಂದ ಕೂತಿದ್ದ ಒಂದು ತಪ್ಪಿನ ಲೆಕ್ಕವೂ ಈಚೆಗೆ ಬಂತು. ಅದಕ್ಕೇ ಇಷ್ಟು ಬರೆಯುತ್ತಿದ್ದೇನೆ.

2023ರ ಡಿಸೆಂಬರ್ ಮೊದಲ ವಾರ ಮಿಚೌಂಗ್ ಚಂಡಮಾರುತ ಬಂದದ್ದು ನಿಮಗೆ ನೆನಪಿರಬಹುದು. ನಮ್ಮ ಬೀದಿಯಲ್ಲಿ ಎರಡು ದಿನ ನೀರು ನಿಂತಿತ್ತು. ಕಾರಿನ ಚಕ್ರ ಅರ್ಧ ಮುಳುಗಿತ್ತು, ಪುಣ್ಯಕ್ಕೆ ಇಂಜಿನ್ನಿನ ಒಳಗೆ ನೀರು ಹೋಗಿರಲಿಲ್ಲ. ನೀರಿಳಿದ ಮೇಲೆ ನಾನು ಹೋಗಿ ಕೂತು ಕೀಲಿ ತಿರುಗಿಸಿದೆ. ಕುರ್ರ್ ಅಂದಿತು, ಹಿಡಿಯಲಿಲ್ಲ. ಮತ್ತೆ ತಿರುಗಿಸಿದೆ. ಈ ಸಲ ಬಿಡಲೇ ಇಲ್ಲ. ಇವತ್ತು ಇದೋ ನಾನೋ ಅನ್ನುವ ಹಟ. ಹಲ್ಲು ಕಚ್ಚಿ ಹಿಡಿದೇ ಇದ್ದೆ. ಕೊನೆಗೆ ಸುಟ್ಟ ವಾಸನೆ ಬಂತು. ಆಮೇಲೆ ಟಕ್ ಅನ್ನುವ ಸದ್ದೂ ನಿಂತಿತು.

ಪೇಪರ್ ಮಿಲ್ಸ್ ರೋಡಿನ ಆಚೆ ಒಂದು ಗಲ್ಲಿಯಲ್ಲಿ ಆಟೋ ಎಲೆಕ್ಟ್ರಿಕಲ್ ಅಂಗಡಿ. ಕಾರನ್ನು ಅಲ್ಲಿಗೆ ಎಳೆಸಿಕೊಂಡು ಹೋದೆ. ಅಲ್ಲಿನ ಮೇಸ್ತ್ರಿ ಸೆಲ್ಫ್ ಬಿಚ್ಚಿ ಬೆಂಚಿನ ಮೇಲಿಟ್ಟು ತೆರೆದ. ಆರ್ಮೇಚರಿನ ತಂತಿ ಕಪ್ಪಗಾಗಿತ್ತು, ಕಾರ್ಬನ್ ಉದುರಿ ಹುಡಿಯಾಗಿತ್ತು. ನನ್ನ ಮುಖ ನೋಡಿ ಒಂದೇ ಪ್ರಶ್ನೆ ಕೇಳಿದ: “ಎವ್ವಳವು ನೇರಂ ಪಿಡಿಚೀಂಗ ಸಾರ್?” ಎಷ್ಟು ಹೊತ್ತು ಹಿಡಿದಿರಿ ಅಂತ. ನಾನು, ಅರ್ಧ ನಿಮಿಷ ಇರಬಹುದು ಅಂದೆ. ಅವನು ನಕ್ಕ. “ಹತ್ತು ಸೆಕೆಂಡು ಸಾರ್. ಅದಕ್ಕಿಂತ ಹೆಚ್ಚು ಹಿಡೀಬಾರದು. ಬಿಟ್ಟು ಅರ್ಧ ನಿಮಿಷ ಸುಮ್ಮನಿರಬೇಕು. ಇದು ಫ್ಯಾನ್ ಮೋಟರ್ ಥರ ಅಲ್ಲ. ಓಡಿ ಬಂದು ಒದ್ದು ಹೋಗೋ ಮೋಟರು.”

ಆ ಮೇಸ್ತ್ರಿಯನ್ನು ನಾನು ಮೊದಲೇ ಬಲ್ಲೆ. ಆ ವಿಷಯಕ್ಕೆ ಆಮೇಲೆ ಬರುತ್ತೇನೆ. ಅವನು ಹೇಳಿದ ಮಾತು ಮಾತ್ರ ತಲೆಯಲ್ಲಿ ಕೂತುಬಿಟ್ಟಿತು. ಮನೆಗೆ ಬಂದು ಓದಲು ಶುರುಮಾಡಿದೆ.

ಓದುತ್ತಾ ಮೊದಲು ನೆನಪಾದದ್ದು ನನ್ನ ಸೋದರಮಾವ. ತಿಪಟೂರಿನಲ್ಲಿ ಅವರದ್ದೊಂದು ಹಳೇ ಅಂಬಾಸಡರ್ ಟ್ಯಾಕ್ಸಿ ಇತ್ತು. ಬ್ಯಾಟರಿಗೆ ವಯಸ್ಸಾಗಿತ್ತು, ಹೊಸದಕ್ಕೆ ದುಡ್ಡಿಲ್ಲ. ಹಾಗಾಗಿ ದಿನಾ ಬೆಳಿಗ್ಗೆ ಮುಂದಿನಿಂದ ಕಬ್ಬಿಣದ ಹ್ಯಾಂಡಲ್ ತೂರಿಸಿ ತಿರುಗಿಸುವುದು. ನಾವು ಹುಡುಗರು ಸುತ್ತ ನಿಂತು ನೋಡುವುದು. ಮಾವ ಒಂದು ಮಾತು ಹೇಳುತ್ತಿದ್ದರು: “ಹೆಬ್ಬೆರಳು ಸುತ್ತಿ ಹಿಡೀಬೇಡ್ರೋ, ನಾಲ್ಕು ಬೆರಳಿನ ಜೊತೇಲೇ ಇಟ್ಕೊಳ್ಳಿ.” 1979ರ ಚಳಿಗಾಲದ ಒಂದು ಬೆಳಿಗ್ಗೆ ಆ ಹ್ಯಾಂಡಲ್ ತಿರುಗಿ ಹೊಡೆಯಿತು. ಮಾವನ ಬಲಗೈ ಮಣಿಕಟ್ಟು ಮುರಿಯಿತು. ನಾಟಿ ವೈದ್ಯರು ಕಟ್ಟು ಹಾಕಿದರು. ಮೂರು ತಿಂಗಳು ಟ್ಯಾಕ್ಸಿ ಮನೆ ಮುಂದೆ ನಿಂತಿತು. ಅತ್ತೆಯ ಬಳೆ ಅಡವಿಗೆ ಹೋಯಿತು. ಆ ಕೈ ಕೊನೆಯವರೆಗೂ ಸ್ವಲ್ಪ ಸೊಟ್ಟಗೇ ಇತ್ತು.

ಹ್ಯಾಂಡಲ್ ಯಾಕೆ ತಿರುಗಿ ಹೊಡೆಯುತ್ತದೆ? ಪೆಟ್ರೋಲ್ ಇಂಜಿನ್ನಿನ ಜಾತಕವೇ ಹಾಗೆ. ಅದು ತಾನಾಗಿ ಏಳಲಾರದು. ಯಾರಾದರೂ ಮೊದಲು ಅದರ ಪಿಸ್ಟನ್ ಓಡಾಡಿಸಿ, ಗಾಳಿ ಪೆಟ್ರೋಲು ಒಳಗೆಳೆಸಿ, ಒತ್ತಿಸಿ ಕೊಡಬೇಕು. ಆಗ ಕಿಡಿ ಹಾರಿ ಉರಿದು ಮುಂದೆ ತನ್ನ ಪಾಡಿಗೆ ತಾನು ಓಡುತ್ತದೆ. ಪಿಸ್ಟನ್ ಮೇಲಿನ ತುದಿ ಮುಟ್ಟುವ ಮೊದಲೇ ಕಿಡಿ ಹಾರಿದರೆ ಉರಿದ ಗಾಳಿ ಅದನ್ನು ಹಿಂದಕ್ಕೇ ತಳ್ಳುತ್ತದೆ. ವೇಗವಾಗಿ ಓಡುವ ಇಂಜಿನ್ನಿಗೆ ಕಿಡಿ ಸ್ವಲ್ಪ ಮುಂಚೆಯೇ ಬೇಕು, ಕೈಯಲ್ಲಿ ನಿಧಾನ ತಿರುಗಿಸುವಾಗ ತಡವಾಗಿ ಬೇಕು. ಹಳೇ ಕಾರುಗಳಲ್ಲಿ ಇದಕ್ಕೆ ಸ್ಟೇರಿಂಗ್ ಹತ್ತಿರ ಒಂದು ಸಣ್ಣ ಲಿವರ್ ಇರುತ್ತಿತ್ತು. ಅದನ್ನು ಹಿಂದಕ್ಕೆ ಸರಿಸಲು ಮರೆತು ಹ್ಯಾಂಡಲ್ ಹಾಕಿದವನ ಕೈ ಮುರಿಯುತ್ತಿತ್ತು.

ಇದರಿಂದ ಪಾರಾಗಲು ಜನ ಪಟ್ಟ ಪಾಡು ಒಂದೆರಡಲ್ಲ. ಒತ್ತಿಟ್ಟ ಗಾಳಿಯಿಂದ ತಿರುಗಿಸಿ ನೋಡಿದರು. ಗಡಿಯಾರದ ಹಾಗೆ ಸ್ಪ್ರಿಂಗ್ ಸುತ್ತಿಟ್ಟು ನೋಡಿದರು. ಸಿಲಿಂಡರಿನೊಳಗೆ ಅಸಿಟಿಲೀನ್ ಬಿಟ್ಟು ಕಿಡಿ ಹಾರಿಸಿ ನೋಡಿದರು. ಇಂಜಿನ್ನೇ ಬೇಡ ಅಂತ ಬ್ಯಾಟರಿ ಕಾರು ಕೊಂಡವರೂ ಆಗ ಅಮೆರಿಕದಲ್ಲಿ ಬಹಳ ಮಂದಿ ಇದ್ದರು. ಹ್ಯಾಂಡಲ್ ಇಲ್ಲ, ಹೆಂಗಸರೂ ಓಡಿಸಬಹುದು ಅಂತಲೇ ಅವುಗಳ ಜಾಹೀರಾತು.

ನಮ್ಮ ಈ ಮದ್ರಾಸಿನಲ್ಲೇ 1903ರಲ್ಲಿ ಸಿಂಪ್ಸನ್ ಕಂಪನಿಯ ಸ್ಯಾಮ್ಯುಯೆಲ್ ಜಾನ್ ಗ್ರೀನ್ ಎಂಬವರು ಉಗಿಬಂಡಿಯ ಕಾರು ಕಟ್ಟಿದರು. ಕುದುರೆ ಸಾರೋಟು ಮಾಡುತ್ತಿದ್ದ ಅದೇ ಸಿಂಪ್ಸನ್ನಿನ ಡೀಸೆಲ್ ಇಂಜಿನ್ ಕಾರ್ಖಾನೆ ಆಮೇಲೆ ನಮ್ಮ ಪೆರಂಬೂರಿನ ಸೆಂಬಿಯಂನಲ್ಲಿ ಬಂತು. ಉಗಿ ಕಾರಿಗೆ ಹ್ಯಾಂಡಲ್ ಬೇಕಿಲ್ಲ, ಯಾರ ಕೈಯೂ ಮುರಿಯುವುದಿಲ್ಲ. ಆದರೆ ಬೆಂಕಿ ಹಾಕಿ ನೀರು ಕುದಿದು ಉಗಿ ಏಳುವ ತನಕ ಕಾಯಬೇಕು. ಒಂದಕ್ಕೆ ಕೈಯ ಭಯ, ಇನ್ನೊಂದಕ್ಕೆ ಕಾಯುವ ಕಷ್ಟ.

ಹಾಗಾದರೆ ಕರೆಂಟಿನ ಮೋಟರಿನಿಂದ ತಿರುಗಿಸಿದರೆ ಹೇಗೆ? ಈ ಯೋಚನೆ ಹೊಸದೇನಲ್ಲ. ಇಂಗ್ಲೆಂಡಿನಲ್ಲಿ ಡೌಸಿಂಗ್ ಎಂಬವರು 1896ರಲ್ಲೇ ಒಂದು ಕಾರಿಗೆ ಕರೆಂಟಿನ ಸ್ಟಾರ್ಟರ್ ಕೂರಿಸಿದ್ದರು. ಅಮೆರಿಕದ ಕ್ಲೈಡ್ ಕೋಲ್ಮನ್ ಎಂಬವರಿಗೆ 1903ರಲ್ಲಿ ಪೇಟೆಂಟೂ ಸಿಕ್ಕಿತ್ತು. ಆದರೂ ಅದು ಊರೂರಿನ ಕಾರಿಗೆ ಬರಲಿಲ್ಲ. ಇಲ್ಲಿ ನನ್ನದೊಂದು ತಕರಾರು. ನಮಗೆ ಫಾರ್ವರ್ಡ್ ಆಗಿ ಬರುವ ಕಥೆಗಳಲ್ಲಿ ಯಾವಾಗಲೂ ಒಬ್ಬ ಮೇಧಾವಿ, ಒಂದು ರಾತ್ರಿ, ಒಂದು ಹೊಳಹು. ಈ ಸೆಲ್ಫಿನ ವಿಷಯದಲ್ಲೂ ಅಂಥದ್ದೊಂದು ಕಥೆ ಇದೆ. ಬೈರನ್ ಕಾರ್ಟರ್ ಎಂಬ ಕಾರು ತಯಾರಕ ದಾರಿಯಲ್ಲಿ ನಿಂತುಹೋದ ಹೆಂಗಸೊಬ್ಬಳ ಕಾರಿಗೆ ಹ್ಯಾಂಡಲ್ ಹಾಕಲು ಹೋಗಿ ಏಟು ತಿಂದು ಅದರಿಂದಲೇ ತೀರಿಕೊಂಡನಂತೆ. ಅವನ ಗೆಳೆಯ, ಕ್ಯಾಡಿಲಾಕ್ ಕಂಪನಿಯ ಹೆನ್ರಿ ಲೀಲೆಂಡ್, ಇನ್ನು ನನ್ನ ಕಾರಿನಿಂದ ಯಾರೂ ಸಾಯಬಾರದು ಅಂತ ಶಪಥ ಮಾಡಿದನಂತೆ. ಕಾರ್ಟರ್ 1908ರಲ್ಲಿ ತೀರಿಕೊಂಡದ್ದು ನಿಜ. ಉಳಿದದ್ದನ್ನು ಒಬ್ಬೊಬ್ಬರು ಒಂದೊಂದು ಥರ ಹೇಳುತ್ತಾರೆ. ಶಪಥ ಮಾಡುವುದು ಸುಲಭ ಸ್ವಾಮೀ. ಮೋಟರು ಬಾನೆಟ್ಟಿನೊಳಗೆ ಹಿಡಿಸಬೇಕಲ್ಲ!

ತೊಡಕು ಇದ್ದದ್ದು ಅಲ್ಲೇ. ಒಂದು ದೊಡ್ಡ ಇಂಜಿನ್ ತಿರುಗಿಸಲು ಬೇಕಾದ ಶಕ್ತಿಯ ಮೋಟರು ಮಾಡಿದರೆ ಅದು ಕಾರಿನಲ್ಲಿ ಹಿಡಿಸದಷ್ಟು ದೊಡ್ಡದಾಗುತ್ತದೆ, ಬ್ಯಾಟರಿಯಂತೂ ಕೇಳಲೇಬೇಡಿ ಅಂತ ಆಗಿನ ತಿಳಿದವರ ಲೆಕ್ಕ. ಲೆಕ್ಕದಲ್ಲಿ ತಪ್ಪಿರಲಿಲ್ಲ. ಆದರೆ ಅವರು ಹಾಕಿದ್ದು ಹಗಲೂ ರಾತ್ರಿ ಓಡುವ ಮೋಟರಿನ ಲೆಕ್ಕ.

ಈ ಗಂಟನ್ನು ಬಿಚ್ಚಿದವನು ಚಾರ್ಲ್ಸ್ ಕೆಟರಿಂಗ್. ಅವನು ಬಂದದ್ದು ಎಲ್ಲಿಂದ ಗೊತ್ತೆ? ಕ್ಯಾಷ್ ರಿಜಿಸ್ಟರಿನಿಂದ! ಅಮೆರಿಕದ ಒಹಾಯೊ ರಾಜ್ಯದ ಡೇಟನ್ ಊರಿನಲ್ಲಿ ನ್ಯಾಷನಲ್ ಕ್ಯಾಷ್ ರಿಜಿಸ್ಟರ್ ಕಂಪನಿ. ಅಂಗಡಿಯ ಗಲ್ಲಾಪೆಟ್ಟಿಗೆಯ ಯಂತ್ರವನ್ನು ಕೈಯ ಬದಲು ಕರೆಂಟಿನಿಂದ ನಡೆಸುವ ಮೋಟರನ್ನು ಕೆಟರಿಂಗ್ ಅಲ್ಲಿ ಮಾಡಿದ್ದ. ಗಲ್ಲಾಪೆಟ್ಟಿಗೆ ದಿನವಿಡೀ ತಿರುಗುವುದಿಲ್ಲ. ಗಿರಾಕಿ ಬಂದಾಗ ಒಂದು ಕ್ಷಣ ಜೋರಾಗಿ ತಿರುಗಬೇಕು, ಆಮೇಲೆ ಸುಮ್ಮನಿರಬೇಕು. ಮೋಟರು ಸುಡುವುದು ಬಿಸಿಯಿಂದ. ಬಿಸಿ ಏರಲು ಹೊತ್ತು ಬೇಕು. ಹೊತ್ತು ಕೊಡದಿದ್ದರೆ ಸಣ್ಣ ಮೋಟರಿನಿಂದ ಅದರ ಅಳತೆಗೆ ಮೀರಿದ ಕೆಲಸ ಮಾಡಿಸಬಹುದು. ಕಾರಿಗೂ ಇದೇ ಸಾಕಲ್ಲ? ಮೋಟರು ಎಷ್ಟು ಬಲವಾಗಿರಬೇಕು ಅಂತ ಎಲ್ಲರೂ ಕೇಳುತ್ತಿದ್ದರೆ ಅವನು ಎಷ್ಟು ಹೊತ್ತು ಅಂತ ಕೇಳಿದ. ನಮ್ಮ ಮೇಸ್ತ್ರಿ ನನ್ನನ್ನು ಕೇಳಿದ್ದೂ ಅದನ್ನೇ!

ಆದರೆ ಕೇಳಿದ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ. ಕೆಟರಿಂಗ್ ಮತ್ತು ಅದೇ ಕಂಪನಿಯ ಎಡ್ವರ್ಡ್ ಡೀಡ್ಸ್ ಸೇರಿ 1909ರಲ್ಲಿ ಡೆಲ್ಕೋ ಎಂಬ ಸಂಸ್ಥೆ ಕಟ್ಟಿದರು. ಡೀಡ್ಸ್ ಮನೆಯ ಹಿಂದಿನ ಕೊಟ್ಟಿಗೆಯೇ ಅವರ ಕಾರ್ಖಾನೆ. ಜೊತೆಗೆ ಕ್ಯಾಷ್ ರಿಜಿಸ್ಟರಿನ ಕೆಲ ಗೆಳೆಯರು. ಅವರ ಮುಂದಿದ್ದ ತೊಡಕುಗಳನ್ನು ನನಗೆ ಅರ್ಥವಾದಂತೆ ಹೇಳುತ್ತೇನೆ. ಇಂಜಿನಿಯರ್ ಮಿತ್ರರು ನಗಬೇಡಿ.

ಮೊದಲನೆಯದು ಕರೆಂಟಿನ ಲೆಕ್ಕ. ಒಂದು ಕುದುರೆಶಕ್ತಿ ಅಂದರೆ 746 ವ್ಯಾಟ್. 6 ವೋಲ್ಟಿನ ಬ್ಯಾಟರಿಯಿಂದ ಅಷ್ಟು ಶಕ್ತಿ ಬೇಕಾದರೆ ಸುಮಾರು 124 ಆಂಪಿಯರ್ ಹರಿಯಬೇಕು. ಅದೇ 24 ವೋಲ್ಟಾದರೆ ಸುಮಾರು 31 ಆಂಪಿಯರ್ ಸಾಕು. ತಂತಿಯ ಬಿಸಿ ಕರೆಂಟಿನ ವರ್ಗದಂತೆ ಏರುತ್ತದೆ. ಕರೆಂಟು ಕಾಲು ಭಾಗವಾದರೆ ಅದೇ ತಂತಿಯಲ್ಲಿ ಬಿಸಿ ಹದಿನಾರನೇ ಒಂದು ಭಾಗ. ಹಾಗಾಗಿ ಇಂಜಿನ್ ಎಬ್ಬಿಸಲು 24 ವೋಲ್ಟೇ ಒಳ್ಳೆಯದು. ಆದರೆ ದೀಪಕ್ಕೆ, ವಾಪಸು ಚಾರ್ಜು ಮಾಡಲು 6 ವೋಲ್ಟೇ ಅನುಕೂಲ. ಅವರು ಮಾಡಿದ ಉಪಾಯ ನೋಡಿ. ಸೀಸದ ಬ್ಯಾಟರಿಯ ಒಂದು ಮನೆಗೆ 2 ವೋಲ್ಟ್. ಹನ್ನೆರಡು ಮನೆಗಳನ್ನು ಸಾಲಾಗಿ ಜೋಡಿಸಿದರೆ 24. ಅವನ್ನೇ ಮೂರು ಮೂರರ ನಾಲ್ಕು ಗುಂಪು ಮಾಡಿ ಅಕ್ಕಪಕ್ಕ ಜೋಡಿಸಿದರೆ 6. ಸ್ವಿಚ್ಚೇ ಈ ಜೋಡಣೆ ಬದಲಿಸುವಂತೆ ಮಾಡಿದರು. ಇದ್ದ ಬಂಡವಾಳ ಅಷ್ಟೇ, ಖಾತೆ ಮಾತ್ರ ಹೊತ್ತಿಗೆ ತಕ್ಕಂತೆ ಬೇರೆ ಬೇರೆ.

ಎರಡನೆಯದು ಹಲ್ಲಿನ ಚಕ್ರ. ಸಣ್ಣ ಮೋಟರು ಬಹಳ ವೇಗವಾಗಿ ತಿರುಗುತ್ತದೆ. ಇಂಜಿನ್ನನ್ನು ಎಬ್ಬಿಸಲು ನಿಧಾನ, ಆದರೆ ಜೋರಾದ ತಿರುವು ಬೇಕು. ಸೈಕಲ್ಲಿನಲ್ಲಿ ದಿಣ್ಣೆ ಹತ್ತುವಾಗ ಗೇರು ಇಳಿಸುವ ಹಾಗೆ ವೇಗ ಬಿಟ್ಟುಕೊಟ್ಟು ಬಲ ಪಡೆಯಬೇಕು. ಮೋಟರು ಇಪ್ಪತ್ತು ಸುತ್ತು ಸುತ್ತಿದರೆ ಇಂಜಿನ್ ಒಂದು ಸುತ್ತು ಅಂತಿಟ್ಟುಕೊಳ್ಳಿ. ಇಂಜಿನ್ ಎದ್ದ ಮೇಲೆ ಏನಾಗುತ್ತದೆ? ಅದು ನಿಮಿಷಕ್ಕೆ 1,000 ಸುತ್ತು ಓಡಿದರೆ ಅದೇ ಹಲ್ಲುಗಳು ಬಡಪಾಯಿ ಮೋಟರನ್ನು 20,000 ಸುತ್ತು ಎಳೆದಾಡುತ್ತವೆ. ತಂತಿಯೆಲ್ಲಾ ಕಿತ್ತು ಹೊರಗೆ ಬರುತ್ತದೆ! ಅದಕ್ಕಾಗಿ ಒಂದೇ ದಿಕ್ಕಿನಲ್ಲಿ ಬಲ ದಾಟಿಸುವ ಕ್ಲಚ್ಚು ಹಾಕಿದರು. ಸೈಕಲ್ಲಿನ ಫ್ರೀವೀಲ್ ಇದ್ದ ಹಾಗೆ. ಮೋಟರು ಇಂಜಿನ್ನನ್ನು ತಳ್ಳಬಹುದು, ಇಂಜಿನ್ ಮೋಟರನ್ನು ಎಳೆಯಬಾರದು. ಆಮೇಲೆ ವಿನ್ಸೆಂಟ್ ಬೆಂಡಿಕ್ಸ್ ಎಂಬವನು, ಇಂಜಿನ್ ಎದ್ದ ಕೂಡಲೇ ಹಲ್ಲಿನ ಚಕ್ರ ತಾನೇ ಹಿಂದೆ ಸರಿಯುವ ಉಪಾಯ ಮಾಡಿದ. ಇವತ್ತಿಗೂ ನಮ್ಮ ಮೆಕ್ಯಾನಿಕ್ಕುಗಳು “ಬೆಂಡಿಕ್ಸ್ ಹೋಗಿದೆ” ಅನ್ನುತ್ತಾರಲ್ಲ, ಅದು ಆ ಮಹರಾಯನ ಹೆಸರು.

ಮೂರನೆಯದು ನನಗೆ ಬಹಳ ಇಷ್ಟವಾದದ್ದು, ಸಾಲ ತೀರಿಸುವ ವ್ಯವಸ್ಥೆ. ಸ್ಟಾರ್ಟರ್ ಬ್ಯಾಟರಿಯಿಂದ ತೆಗೆದದ್ದನ್ನು ಯಾರು ವಾಪಸು ಕಟ್ಟುತ್ತಾರೆ? ಇಂಜಿನ್ ಎದ್ದ ಮೇಲೆ ಅದೇ ಮೋಟರನ್ನು ಡೈನಮೋ ಆಗಿ ತಿರುಗಿಸಿ ಅದರಿಂದಲೇ ಬ್ಯಾಟರಿ ತುಂಬಿಸಿದರು. ಎಷ್ಟು ತುಂಬಬೇಕು? ಒಂದು ಕುದುರೆಶಕ್ತಿಯನ್ನು ಹತ್ತು ಸೆಕೆಂಡು ಬಳಸಿದರೆ ಖರ್ಚಾಗುವುದು 60 ವ್ಯಾಟಿನ ಬಲ್ಬು ಎರಡು ನಿಮಿಷ ಉರಿಯುವಷ್ಟು, ಅಷ್ಟೇ! ಕೇಳುವಾಗ ಗಾಬರಿ ಹುಟ್ಟಿಸುವಷ್ಟು ದೊಡ್ಡ ಸಾಲ. ಒಟ್ಟು ಲೆಕ್ಕ ನೋಡಿದರೆ ಚಿಲ್ಲರೆ. ಸೋರಿಕೆ ಸೇರಿಸಿದರೂ ಕೆಲವೇ ನಿಮಿಷದಲ್ಲಿ ತೀರುತ್ತದೆ. ಆದರೆ ಇಂಜಿನ್ನಿನ ವೇಗ ಏರಿಳಿಯುವುದರಿಂದ ಡೈನಮೋ ಒಮ್ಮೆ ಹೆಚ್ಚು ತುಂಬಿ ಬ್ಯಾಟರಿ ಕುದಿಸುತ್ತದೆ, ಒಮ್ಮೆ ಕಡಿಮೆ ತುಂಬುತ್ತದೆ. ಇಂಜಿನ್ ನಿಂತರೆ ಬ್ಯಾಟರಿಯ ಕರೆಂಟು ಡೈನಮೋಗೇ ಹಿಂದೆ ಹರಿದು ಖಾಲಿಯಾಗುತ್ತದೆ. ಇದನ್ನು ಹದಕ್ಕೆ ತರಲು ರೆಗ್ಯುಲೇಟರು, ಕಟೌಟು ಬೇಕಾಯಿತು. ಇಡೀ ವ್ಯವಸ್ಥೆಯಲ್ಲಿ ಬೆವರಿಳಿಸಿದ್ದು ಬರೀ ಮೋಟರಲ್ಲ, ಈ ಜಮಾ ಖರ್ಚು ಸರಿದೂಗಿಸುವುದು.

1911ರ ಫೆಬ್ರವರಿಯಲ್ಲಿ ಅದು ಕ್ಯಾಡಿಲಾಕ್ ಕಾರಿನಲ್ಲಿ ಕೆಲಸ ಮಾಡಿತು. ಕ್ಯಾಡಿಲಾಕಿನ 1912ರ ಮಾದರಿಯಲ್ಲಿ ಎಲ್ಲಾ ಕಾರಿಗೂ ಬಂತು. ಅದರ ಹಿಂದೆಯೇ ಕರೆಂಟಿನ ದೀಪವೂ ಬಂತು. ಬ್ಯಾಟರಿ ಹೇಗೂ ಕೂತಿದೆಯಲ್ಲ! ಬ್ರಿಟನ್ನಿನ ಡ್ಯೂವರ್ ಟ್ರೋಫಿಯೂ ಸಿಕ್ಕಿತು. ಬಡವರ ಕಾರು ಫೋರ್ಡ್ ಮಾಡೆಲ್ ಟಿಗೆ ಕಾರ್ಖಾನೆಯಿಂದಲೇ ಸೆಲ್ಫ್ ಬರಲು ಮಾತ್ರ 1919ರವರೆಗೆ ಕಾಯಬೇಕಾಯಿತು. ಅಲ್ಲಿಯ ತನಕ ಬಡವನ ಮಣಿಕಟ್ಟಿಗೆ ಹ್ಯಾಂಡಲ್ಲೇ ಗತಿ. 1979ರಲ್ಲಿ ತಿಪಟೂರಿನ ನನ್ನ ಮಾವನಿಗೂ ಹಾಗೇ ಆಯಿತು. ಸೆಲ್ಫ್ ಇತ್ತು, ಬ್ಯಾಟರಿಗೆ ದುಡ್ಡಿರಲಿಲ್ಲ.

ನಮ್ಮ ಊರಿಗೆ ಬನ್ನಿ. ಪೆರಂಬೂರಿನಿಂದ ಪಶ್ಚಿಮಕ್ಕೆ ವಿಲ್ಲಿವಾಕ್ಕಂ ದಾಟಿದರೆ ಪಾಡಿ. ಅಲ್ಲಿ 1961ರಲ್ಲಿ ಇಂಗ್ಲೆಂಡಿನ ಲೂಕಾಸ್ ಮತ್ತು ನಮ್ಮ ಟಿವಿಎಸ್ ಸೇರಿ ಹುಟ್ಟುಹಾಕಿದ ಕಂಪನಿಯ ಕಾರ್ಖಾನೆ ಇದೆ. ಸ್ಟಾರ್ಟರ್ ಮೋಟರು, ಡೈನಮೋ ಮಾಡುವುದೇ ಅದರ ಕಸುಬಾಗಿತ್ತು. ಬಸ್ ಕಂಡಕ್ಟರ್ “ಲೂಕಾಸ್ ಎಲ್ಲಾಂ ಇರಂಗು” ಅಂತ ಕೂಗಿದರೆ ಅರ್ಧ ಬಸ್ಸು ಇಳಿಯುವುದನ್ನು ನಾನು ನೋಡಿದ್ದೇನೆ. ಒಂದು ಬಿಡಿಭಾಗದ ಕಂಪನಿ ಬಸ್ ಸ್ಟಾಪಿನ ಹೆಸರಾಗಿದೆ! ಅಂಥ ಕಾರ್ಖಾನೆಗಳ ಸುತ್ತಮುತ್ತ ಸೆಲ್ಫ್ ಬಿಚ್ಚಿ ತಂತಿ ಸುತ್ತುವ, ಕಾರ್ಬನ್ ಬದಲಿಸುವ ಸಣ್ಣ ಅಂಗಡಿಗಳೂ ಹುಟ್ಟಿಕೊಂಡವು.

ಅಂಥದ್ದೊಂದು ಅಂಗಡಿಯ ಹುಡುಗ 1999ರ ಆಗಸ್ಟಿನಲ್ಲಿ ನನ್ನ ಮೇಜಿನ ಮುಂದೆ ಬಂದು ಕೂತಿದ್ದ. ಆಗ ನಾನು ಒಂದು ಶಾಖೆಯಲ್ಲಿ ಸಾಲದ ವಿಭಾಗ ನೋಡುತ್ತಿದ್ದೆ. ಅವನು ಕೇಳಿದ್ದು 20,000 ರೂಪಾಯಿ. ಈ ಊರಲ್ಲಿ ಅಕ್ಟೋಬರಿನಿಂದ ಡಿಸೆಂಬರ್ ತನಕ ಹಿಂಗಾರು ಮಳೆ. ನೀರಲ್ಲಿ ನಿಂತ ಗಾಡಿಗಳ ಸೆಲ್ಫ್, ಡೈನಮೋ ಸಾಲಾಗಿ ರಿಪೇರಿಗೆ ಬರುತ್ತವೆ. ಮಳೆಗೆ ಮೊದಲೇ ತಾಮ್ರದ ತಂತಿ, ಬುಷ್, ಕಾರ್ಬನ್ ತೆಗೆದಿಟ್ಟುಕೊಂಡರೆ ಒಂದು ವರ್ಷದ ದುಡಿಮೆ ಮೂರು ತಿಂಗಳಲ್ಲಿ ಆಗುತ್ತದೆ ಅಂದ. ಪೊಂಗಲ್ಲಿಗೆ ತೀರಿಸುತ್ತೇನೆ ಸಾರ್ ಅಂದ. ಅವನ ಬಲಗೈ ಮೇಲೆ ಬೆಸುಗೆ ಸುಟ್ಟ ಒಂದು ಉದ್ದದ ಕಲೆಯಿತ್ತು.

ನಾನು ಮಾಡಿದ್ದೇನು? ಮೂರು ವರ್ಷದ ಲೆಕ್ಕಪತ್ರ ಕೇಳಿದೆ. ಅಡಮಾನ ಕೇಳಿದೆ. ಸರ್ಕಾರಿ ನೌಕರಿಯ ಜಾಮೀನುದಾರ ಬೇಕು ಅಂದೆ. ಐದು ವರ್ಷದ ಕಂತಿನ ಸಾಲದ ಫಾರಂ ಮುಂದಿಟ್ಟು, ಇವನ ಆದಾಯ ಐದು ವರ್ಷ ಈ ಭಾರ ಹೊರುತ್ತದೆಯೇ ಅಂತ ಲೆಕ್ಕ ಹಾಕಿದೆ. ಹೊರುವುದಿಲ್ಲ ಅಂತ ಬಂತು. ಅರ್ಜಿ ವಾಪಸು ಕೊಟ್ಟೆ. ನನ್ನ ಲೆಕ್ಕದಲ್ಲಿ ಒಂದು ಪೈಸೆ ತಪ್ಪಿರಲಿಲ್ಲ. ಅವನಿಗೆ ಬೇಕಾದದ್ದು ಹತ್ತು ಸೆಕೆಂಡು, ನಾನು ನೋಡಿದ್ದು ಹಗಲೂ ರಾತ್ರಿ ಓಡುವ ಮೋಟರಿನ ಲೆಕ್ಕ.

ಮಿಚೌಂಗ್ ಮಳೆಯ ನಂತರ ನನ್ನ ಸೆಲ್ಫ್ ಬಿಚ್ಚಿದ ಕೈಯಲ್ಲಿ ಆ ಕಲೆ ಇತ್ತು. ಅವನೂ ನನ್ನನ್ನು ಗುರುತಿಸಿದ. “ಬ್ಯಾಂಕ್ ಸಾರ್ ತಾನೇ?” ಅಂದ. ನಿನ್ನ ಅಂಗಡಿಯೇ ಇದು ಅಂತ ಕೇಳಿದೆ. “ಇಲ್ಲ ಸಾರ್, ಕೂಲಿಗೆ ಇದೀನಿ. ನನ್ನ ಅಂಗಡಿ ಅವತ್ತೇ ಹೋಯ್ತು. ಆ ವರ್ಷ ಬಡ್ಡಿಯವರ ಹತ್ತಿರ ತಗೊಂಡೆ. ಮಳೆ ಚೆನ್ನಾಗೇ ಬಂತು, ಕೆಲಸಾನೂ ಬಂತು. ಬಡ್ಡಿ ಅದಕ್ಕಿಂತ ಜೋರಾಗಿ ಬಂತು.” ಅಷ್ಟೇ ಹೇಳಿದ್ದು. ದೂರಲಿಲ್ಲ. ರಿಪೇರಿಯ ದುಡ್ಡು ತೆಗೆದುಕೊಂಡು, ಉಳಿದ ಚಿಲ್ಲರೆಯನ್ನು ಒಳಗಿದ್ದ ಮಾಲೀಕನಿಂದ ಎಣಿಸಿ ತಂದು ನನ್ನ ಕೈಗಿತ್ತ. ನಾನು ಆ ಚಿಲ್ಲರೆ ಹಿಡಿದುಕೊಂಡು ಸುಮ್ಮನೆ ನಿಂತಿದ್ದೆ.

ಇದನ್ನು ಬ್ಯಾಂಕಿನ ಸಹೋದ್ಯೋಗಿಯೊಬ್ಬರ ಹತ್ತಿರ ಹೇಳಿದೆ. ಅವರು ಹೇಳಿದ್ದು: “ನೀವು ಹೇಳೋದು ಸರಿ ಸಾರ್. ಆದರೆ ಕೇಳಿದವರಿಗೆಲ್ಲಾ ಕೊಟ್ಟುಬಿಟ್ಟರೆ ಆಮೇಲೆ ವಸೂಲಿಗೆ ಬೀದಿ ಅಲೆಯೋರು ಯಾರು? ನಿಯಮ ಇರೋದು ಯಾಕೆ?” ತಳ್ಳಿಹಾಕುವ ಮಾತಲ್ಲ. ಜನ ಬೆವರು ಸುರಿಸಿ ಕೂಡಿಟ್ಟ ಠೇವಣಿ ಅದು, ನಮ್ಮಪ್ಪನ ಮನೆ ಗಂಟಲ್ಲ.

ಆದರೆ ಕೆಟರಿಂಗ್ ಏನು ಮಾಡಿದ ನೋಡಿ. ಅವನು ಕಾವಲುಗಳನ್ನು ಕಿತ್ತು ಹಾಕಿ ಗೆಲ್ಲಲಿಲ್ಲ. ಮೋಟರನ್ನು ಸಣ್ಣದು ಮಾಡಿದ, ಅದರ ಜೊತೆಗೇ ಕ್ಲಚ್ಚು ಹಾಕಿದ, ಕಟೌಟು ಹಾಕಿದ, ವಾಪಸು ತುಂಬುವ ದಾರಿ ಮಾಡಿದ. ತಪ್ಪು ಕೆಲಸಕ್ಕೆ ಮಾಡಿದ ಕಾವಲನ್ನು ಬಿಟ್ಟು ಈ ಕೆಲಸಕ್ಕೆ ಬೇಕಾದ ಕಾವಲನ್ನು ಕಟ್ಟಿದ. ಮೂರು ತಿಂಗಳ ಸಾಲಕ್ಕೆ ಐದು ವರ್ಷದ ಅಡಮಾನ ಬೇಕಿಲ್ಲ. ಮಳೆ ಮುಗಿದ ಕೂಡಲೇ ಸರಕಿನ ಲೆಕ್ಕ ನೋಡಿ ಖಾತೆ ಮುಚ್ಚಿಸುವ ಶಿಸ್ತು ಬೇಕು. ತಂತಿಯ ಅಂಗಡಿಗೇ ನೇರ ದುಡ್ಡು ಕಟ್ಟುವ ವ್ಯವಸ್ಥೆ ಬೇಕು. ಆ ಶಿಸ್ತಿಲ್ಲದೆ ಒಂದು ಸಾಲ ತೀರಿಸಲು ಇನ್ನೊಂದು, ಅದಕ್ಕೆ ಮತ್ತೊಂದು ಅಂತ ಕೊಡುತ್ತಾ ಹೋದರೆ ಅದು ನಾನು ಅರ್ಧ ನಿಮಿಷ ಕೀಲಿ ಹಿಡಿದ ಹಾಗೆ. ಸುಟ್ಟ ವಾಸನೆ ಗ್ಯಾರಂಟಿ. ಹಾಗೆ ಸುಟ್ಟ ಖಾತೆಗಳನ್ನೂ ನಾನು ಬೇಕಾದಷ್ಟು ನೋಡಿದ್ದೇನೆ.

2015ರಲ್ಲಿ ಮುದ್ರಾ ಯೋಜನೆ ಬಂದು 50,000 ರೂಪಾಯಿವರೆಗಿನ ‘ಶಿಶು’ ಸಾಲಕ್ಕೆ ಅಡಮಾನ ಬೇಡ ಅಂದಿತು. 2020ರಲ್ಲಿ ಬೀದಿ ವ್ಯಾಪಾರಿಗಳಿಗೆ ಸ್ವನಿಧಿ ಯೋಜನೆಯಲ್ಲಿ ಮೊದಲ ಸಲಕ್ಕೆ 10,000 ರೂಪಾಯಿ, ತೀರಿಸಿದವರಿಗೆ ಮುಂದಿನ ಸಲ ಹೆಚ್ಚು ಅಂತ ಬಂತು. ಒಳ್ಳೆಯದೇ. ಆದರೆ ಯೋಜನೆ ಕಾಗದದ ಮೇಲಿರುತ್ತದೆ, ಮೇಜಿನ ಹಿಂದೆ ಕೂತಿರುವುದು ನಮ್ಮಂಥವರು. ನಮ್ಮ ಬಾಯಿಂದ ಈಗಲೂ ಮೊದಲು ಬರುವುದು “ನಿಮ್ಮ ಹತ್ತಿರ ಏನಿದೆ?” ಅನ್ನುವ ಪ್ರಶ್ನೆಯೇ. “ಎಷ್ಟು ದಿನಕ್ಕೆ ಬೇಕು, ಯಾವುದರಿಂದ ತೀರುತ್ತೆ?” ಅಂತ ಮೊದಲು ಕೇಳುವವರು ಕಡಿಮೆ.

ಇನ್ನೊಂದು ವಿಷಯ. ಈಗಿನ ಹೊಸ ಕಾರುಗಳು ಸಿಗ್ನಲ್ಲಿನಲ್ಲಿ ನಿಂತರೆ ಇಂಜಿನ್ ತಾನೇ ಆರುತ್ತದೆ, ಕಾಲು ತೆಗೆದರೆ ತಾನೇ ಏಳುತ್ತದೆ. ದಿನಕ್ಕೆ ನಾಲ್ಕು ಸಲ ಒದೆಯುತ್ತಿದ್ದ ಸೆಲ್ಫ್ ಈಗ ನಲವತ್ತು ಸಲ ಒದೆಯಬೇಕು. ಅದಕ್ಕೆ ತಕ್ಕ ಹಾಗೆ ಕಾರ್ಬನ್ನು, ಬುಷ್ಷು, ಬ್ಯಾಟರಿ ಎಲ್ಲವನ್ನೂ ಗಟ್ಟಿ ಮಾಡಿದ್ದಾರೆ. ಎಷ್ಟು ಹೊತ್ತು ಅನ್ನುವುದರ ಜೊತೆಗೆ ಎಷ್ಟು ಸಲ ಅಂತಲೂ ಕೇಳಿದ್ದಾರೆ. ಇನ್ನು ಬ್ಯಾಟರಿ ಕಾರಿಗೆ ಈ ಸೆಲ್ಫೇ ಬೇಡ. ನೂರು ವರ್ಷದ ಹಿಂದೆ ಬ್ಯಾಟರಿ ಕಾರು ಸೋತದ್ದಕ್ಕೆ ಒಂದು ಕಾರಣ ಈ ಸೆಲ್ಫ್. ಈಗ ಬ್ಯಾಟರಿ ಕಾರೇ ವಾಪಸು ಬಂದು ಸೆಲ್ಫನ್ನು ಮನೆಗೆ ಕಳಿಸುತ್ತಿದೆ. ಆಗ ನಮ್ಮ ಮೇಸ್ತ್ರಿಯಂಥವರು ಹೊಸ ಕೆಲಸ ಕಲಿಯಬೇಕಾಗುತ್ತದೆ. ಕಲಿಯುವ ಆ ಮೂರು ತಿಂಗಳು, ಆರು ತಿಂಗಳು ಅವರನ್ನು ಯಾರು ಒದ್ದು ಎಬ್ಬಿಸುತ್ತಾರೆ? ಇದು ನನಗೀಗ ಕಾಡುವ ಪ್ರಶ್ನೆ.

ನನ್ನ ನಿವೃತ್ತಿಗೆ ಇನ್ನು ಕೆಲವು ವರ್ಷ ಇದೆ. ಹೋದ ವರ್ಷದಿಂದ ಒಂದು ರೂಢಿ ಮಾಡಿಕೊಂಡಿದ್ದೇನೆ. ಸಣ್ಣ ಸಾಲ ಕೇಳಿ ಬಂದವರನ್ನು ಕೂರಿಸಿ, ಫಾರಂ ತೆಗೆಯುವ ಮೊದಲು, “ಎವ್ವಳವು ನಾಳುಕ್ಕು ವೇಣುಂ?” ಅಂತ ಕೇಳುತ್ತೇನೆ. ಎಷ್ಟು ದಿನಕ್ಕೆ ಬೇಕು ಅಂತ. ಕೆಲವರು ಗಲಿಬಿಲಿಯಾಗುತ್ತಾರೆ, ಯಾರೂ ಹಾಗೆ ಕೇಳಿರುವುದಿಲ್ಲ. ಕೆಲವರಿಗೆ ಉತ್ತರ ಇರುವುದಿಲ್ಲ, ಅವರಿಗೆ ಕೊಡುವುದೂ ಇಲ್ಲ. ಉತ್ತರ ಇದ್ದವರ ಮುಖದಲ್ಲಿ ಒಂದು ಕಳೆ ಬರುತ್ತದೆ. ಅವರು ಕೈಬೆರಳು ಮಡಚಿ ತಿಂಗಳು ಎಣಿಸಲು ಶುರುಮಾಡುತ್ತಾರೆ.

ಮೇಸ್ತ್ರಿಯನ್ನೂ ಹೋಗಿ ಕೇಳಿದೆ, ಈಗ ಅಂಗಡಿ ಇಡುತ್ತೀಯಾ ಅಂತ. “ಐವತ್ತಾಯ್ತು ಸಾರ್, ಇನ್ಮೇಲೆ ಯಾಕೆ?” ಅಂದ. ಆಮೇಲೆ ಸ್ವಲ್ಪ ಹೊತ್ತು ಬಿಟ್ಟು, “ಮಗ ಇದಾನೆ ಸಾರ್, ಬ್ಯಾಟರಿ ಗಾಡಿ ಕೆಲಸ ಕಲೀತಿದಾನೆ” ಅಂದ. ಕಳಿಸು ಅಂದೆ. ಇನ್ನೂ ಬಂದಿಲ್ಲ. ಬರಲಿ ಅಂತ ಕಾಯುತ್ತಿದ್ದೇನೆ.

ನಿಮ್ಮ ಕಾರು ಬೆಳಿಗ್ಗೆ ಹಿಡಿಯದಿದ್ದರೆ ಹತ್ತು ಸೆಕೆಂಡಿಗೆ ಕೀಲಿ ಬಿಟ್ಟುಬಿಡಿ. ಅರ್ಧ ನಿಮಿಷ ಸುಮ್ಮನೆ ಕೂತಿರಿ. ಆಮೇಲೆ ಇನ್ನೊಮ್ಮೆ. ಬರಲೇ ಇಲ್ಲವೋ, ಹಟ ಮಾಡಬೇಡಿ, ಮೆಕ್ಯಾನಿಕ್ಕನ್ನು ಕರೆಯಿರಿ. ಅವನು ಬಂದಾಗ ಒಂದು ಲೋಟ ಕಾಫಿ ಕೊಟ್ಟು ಅವನ ಅಂಗಡಿ ಹೇಗೆ ನಡೆಯುತ್ತಿದೆ ಅಂತಲೂ ಕೇಳಿ. ಏನಂತೀರಿ?